ಫಿಲಿಪ್ಪೀನ್ಸಿನ ಬೆತ್ತದ ವರಸೆ ಮತ್ತು ನಮ್ಮ ಮಕ್ಕಳು

(ಸಂಘದ ವಾರ್ಷಿಕೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಉರ್ದು ಮತ್ತು ಕನ್ನಡ ಪಾಠ ಹೇಳುವವನು, ದೈಹಿಕ ಶಿಕ್ಷಣದ ಶಿಕ್ಷಕನಲ್ಲ. ಆದರೂ ಈ ವಿಷಯದ ಮೇಲೆ ನಾನೇ ಮಾತಾಡಬೇಕೆಂದು ಕಾರ್ಯದರ್ಶಿಗಳು ಏಕೆ ಪಟ್ಟು ಹಿಡಿದರು ಎಂಬುದು ಇಲ್ಲಿರುವ ಕೆಲವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕಳೆದ ವರ್ಷ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಚೀಲದಲ್ಲಿ ಒಂದು ಚಾಕು ಸಿಕ್ಕಿತು. ಸಾಧಾರಣ ಚಾಕುವಲ್ಲ. ಎರಡು ಸೀಳು ಹಿಡಿಗಳ ನಡುವೆ ಅಲಗು ಅಡಗಿರುವ, ಬೆರಳ ಸಂದಿಯಲ್ಲಿ ತಿರುಗಿಸಿ ಬಿಚ್ಚುವಂಥದ್ದು. ಅದಕ್ಕೆ ಬಾಲಿಸಾಂಗ್ ಎಂದು ಹೆಸರು. ಫಿಲಿಪ್ಪೀನ್ಸ್ ದೇಶದ ಬಟಾಂಗಾಸ್ ಪ್ರಾಂತ್ಯ ಅದಕ್ಕೆ ಪ್ರಸಿದ್ಧ. ಹುಡುಗ ಅಳುತ್ತಾ, "ಸರ್, ಯಾರಿಗೂ ಏನೂ ಮಾಡೋಕಲ್ಲ ಸರ್, ಮೊಬೈಲಲ್ಲಿ ನೋಡಿದ್ದೆ, ತಿರುಗಿಸೋದು ಕಲಿಯೋಣಾಂತ" ಎಂದ. ನಾನು ಅವನ ಮಾತು ನಂಬಿದೆ. ಈಗಲೂ ನಂಬುತ್ತೇನೆ.

ಅವನನ್ನು ಶಾಲೆಯಿಂದ ತೆಗೆಯಬಾರದೆಂದು ಸಭೆಯಲ್ಲಿ ನಾನು ವಾದಿಸುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ಕೇಳಿದರು: "ಮಾಸ್ಟರ್ ಸಾಬ್, ಭಾನುವಾರ ಮೈದಾನದಲ್ಲಿ ನೀವೇ ಎರಡು ಕೈಯಲ್ಲಿ ಕೋಲು ತಿರುಗಿಸುತ್ತೀರಿ. ಹುಡುಗರು ಇನ್ನೇನು ಕಲಿತಾರು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ಕೊಡಲಾಗಲಿಲ್ಲ. ಆ ಉತ್ತರವನ್ನು ಇವತ್ತು ಕೊಡಲು ಪ್ರಯತ್ನಿಸುತ್ತೇನೆ.

ನಾನು ಬೆಂಗಳೂರಿನಲ್ಲಿ ಬಿ.ಎಡ್. ಓದುತ್ತಿದ್ದಾಗ ನಮ್ಮ ಕೋಣೆಯ ಹತ್ತಿರದ ಪಾರ್ಕಿನಲ್ಲಿ ಒಬ್ಬರು ಭಾನುವಾರ ಬೆಳಿಗ್ಗೆ ನಾಲ್ಕೈದು ಹುಡುಗರಿಗೆ ಬೆತ್ತ ಹಿಡಿಸಿ ಏನೋ ಕಲಿಸುತ್ತಿದ್ದರು. ದುಬೈಯಲ್ಲಿ ಬಹಳ ವರ್ಷ ಕೆಲಸ ಮಾಡಿ ಬಂದವರು. ಅಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಫಿಲಿಪ್ಪೀನ್ಸಿನವನೊಬ್ಬನಿಂದ ಕಲಿತದ್ದಂತೆ. ಕುತೂಹಲಕ್ಕೆ ನಿಂತು ನೋಡಿದವನು ಒಂದೂವರೆ ವರ್ಷ ಆ ಪಾರ್ಕು ಬಿಡಲಿಲ್ಲ.

ಈ ವಿದ್ಯೆಗೆ ಮೂರು ಹೆಸರುಗಳು ಬಳಕೆಯಲ್ಲಿವೆ: ಆರ್ನಿಸ್, ಎಸ್ಕ್ರಿಮಾ, ಕಾಲಿ. ಆ ದೇಶವನ್ನು ಸ್ಪೇನಿನವರು ಮುನ್ನೂರಕ್ಕೂ ಹೆಚ್ಚು ವರ್ಷ ಆಳಿದರು. ಎಸ್ಕ್ರಿಮಾ ಎಂಬುದು ಕತ್ತಿವರಸೆಗೆ ಸ್ಪ್ಯಾನಿಷ್‌ನಲ್ಲಿರುವ ಶಬ್ದದಿಂದ ಬಂದದ್ದು. ಆರ್ನಿಸ್ ಎಂಬುದು ಮೈಗವಚಕ್ಕೆ ಹೇಳುವ ಶಬ್ದದಿಂದ. 2009ರಲ್ಲಿ ಅಲ್ಲಿನ ಸರ್ಕಾರ ಆರ್ನಿಸನ್ನು ರಾಷ್ಟ್ರೀಯ ಸಮರಕಲೆ ಮತ್ತು ಕ್ರೀಡೆ ಎಂದು ಕಾನೂನಿನ ಮೂಲಕವೇ ಘೋಷಿಸಿತು. 2005ರಲ್ಲಿ ಮತ್ತು 2019ರಲ್ಲಿ ಫಿಲಿಪ್ಪೀನ್ಸಿನಲ್ಲಿ ನಡೆದ ಆಗ್ನೇಯ ಏಷ್ಯಾ ಕ್ರೀಡಾಕೂಟಗಳಲ್ಲಿ ಅದು ಸ್ಪರ್ಧೆಯಾಗಿತ್ತು. ಅಲ್ಲಿನ ಶಾಲೆಗಳಲ್ಲೂ ಮಕ್ಕಳು ಕಲಿಯುತ್ತಾರೆ.

ಭಾಷೆಯ ಮೇಷ್ಟ್ರಾದ್ದರಿಂದ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಈ ವಿದ್ಯೆ ಕಲಿಸುವವನನ್ನು ಅಲ್ಲಿ 'ಗುರೊ' ಎನ್ನುತ್ತಾರೆ. ಮಲಯ ಭಾಷೆಯ ದಾರಿಯಾಗಿ ಅಲ್ಲಿಗೆ ಹೋದ ನಮ್ಮ ಗುರುವೇ ಅದು. ಮುಖಕ್ಕೆ ಅವರು 'ಮುಖಾ' ಎಂದೇ ಹೇಳುತ್ತಾರೆ. ಧನ್ಯವಾದಕ್ಕೆ 'ಸಲಾಮತ್', ಅದು ಅರಬಿಯಿಂದ. ಒಂದೇ ಪಾಠದಲ್ಲಿ ನನ್ನ ಎರಡೂ ವಿಷಯಗಳು ಬಂದಹಾಗಾಯಿತು! ನಮ್ಮಲ್ಲೂ ನೋಡಿ, ಉರ್ದುವಿನ 'ತಾಲೀಮ್' ಎಂದರೆ ಶಿಕ್ಷಣ. ಅದೇ ಶಬ್ದ ಕನ್ನಡಕ್ಕೆ ಬಂದು ತಾಲೀಮು ಆದಾಗ ಅಭ್ಯಾಸ, ಕಸರತ್ತು ಎಂದಾಯಿತು. ಉತ್ತರ ಕರ್ನಾಟಕದ ಕಡೆ ಗರಡಿಮನೆಗೂ ತಾಲೀಮು ಎನ್ನುವುದುಂಟು.

ಇನ್ನು ಕಲಿಸುವ ಕ್ರಮ. ಕಲಿಯುವವನ ಕೈಗೆ ಮೊದಲ ದಿನವೇ ಆಯುಧ ಬರುತ್ತದೆ. ಕರಾಟೆಯಂತೆ ಬರಿಗೈಯಿಂದ ಆರಂಭಿಸಿ ಕೊನೆಗೆ ಆಯುಧಕ್ಕೆ ಹೋಗುವುದಲ್ಲ. ಆದರೆ ಆ ಆಯುಧ ಬೆತ್ತ, ಸುಮಾರು 28 ಇಂಚು ಉದ್ದದ್ದು. ನಮ್ಮ ಹಿಂದಿನ ಮೇಷ್ಟ್ರುಗಳ ಮೇಜಿನ ಮೇಲೆ ಇರುತ್ತಿತ್ತಲ್ಲ, ಅದೇ ಬೆತ್ತ, ಸ್ವಲ್ಪ ದಪ್ಪ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಮೇಜಿನಿಂದ ಇಳಿದ ಬೆತ್ತವನ್ನು ನಾನು ಮೈದಾನಕ್ಕೆ ತಂದ ದಿನ ಮಕ್ಕಳು ಹೆದರಿ ಹಿಂದೆ ಸರಿದರು! ಬೆತ್ತ ಒಡೆದರೆ ಬಿದಿರಿನಂತೆ ಚೂಪು ಸಿಬಿರಾಗುವುದಿಲ್ಲ, ನಾರು ನಾರಾಗುತ್ತದೆ. ಅಷ್ಟರಮಟ್ಟಿಗೆ ಕಣ್ಣಿಗೆ ಅಪಾಯ ಕಡಿಮೆ.

ಏಟುಗಳಿಗೆ ಹೆಸರಿಲ್ಲ, ಅಂಕಿ ಇದೆ. ಅನೇಕ ಪರಂಪರೆಗಳಲ್ಲಿ ಹನ್ನೆರಡು. ಒಂದು ಎಂದರೆ ಎದುರಿನವನ ಎಡಗೆನ್ನೆಯ ಕಡೆಗೆ ಮೇಲಿನಿಂದ ಓರೆಯಾಗಿ ಬರುವ ಏಟು, ಎರಡು ಎಂದರೆ ಅದರ ಆಚೆ ಬದಿ, ಹೀಗೆ. ಮಗ್ಗಿಯಂತೆ ಬಾಯಿಪಾಠ. ಕೈಯಲ್ಲಿ ಬೆತ್ತವಿರಲಿ, ಚಾಕುವಿರಲಿ, ಬರಿಗೈಯಿರಲಿ, ಒಂದು ಎಂದರೆ ಆ ದಾರಿಯೇ. ಕಣ್ಣು ಕಲಿಯಬೇಕಾದದ್ದು ಆಯುಧವನ್ನಲ್ಲ, ದಾರಿಯನ್ನು. ಎರಡು ಬೆತ್ತ ಹಿಡಿದು ಇಬ್ಬರು ಎದುರುಬದುರು ನಿಂತು ತಾಳಕ್ಕೆ ತಕ್ಕಂತೆ ಹೊಡೆದುಕೊಳ್ಳುವುದಕ್ಕೆ ಸಿನವಾಲಿ ಎನ್ನುತ್ತಾರೆ. ಅಲ್ಲಿ ಮನೆಯ ಗೋಡೆಗೆ ಹೆಣೆಯುವ ಬಿದಿರಿನ ತಟ್ಟಿಗೆ ಸವಾಲಿ ಎಂದು ಹೆಸರು; ಬೆತ್ತಗಳು ಹಾಗೆ ಒಂದರ ಮೇಲೊಂದು ಹೆಣೆದುಕೊಳ್ಳುತ್ತವೆ. ಬ್ರೂಸ್ ಲೀಯ 1973ರ 'ಎಂಟರ್ ದ ಡ್ರ್ಯಾಗನ್' ನೋಡಿದವರಿಗೆ ಅವನು ಎರಡು ಕೋಲು ತಿರುಗಿಸುವ ದೃಶ್ಯ ನೆನಪಿರಬಹುದು. ಅವನಿಗೆ ಈ ಕಲೆಯ ಪರಿಚಯ ಮಾಡಿಕೊಟ್ಟವರು ಡ್ಯಾನ್ ಇನೊಸಾಂಟೊ, ಅಮೆರಿಕದ ಸ್ಟಾಕ್ಟನ್ ಊರಿನ ಫಿಲಿಪ್ಪಿನೋ ಕುಟುಂಬದವರು. ಕೂಲಿಗೆಂದು ಹಡಗು ಹತ್ತಿ ಬಂದು ಆ ಊರಿನ ಸುತ್ತಲಿನ ಹೊಲಗಳಲ್ಲಿ ದುಡಿಯುತ್ತಿದ್ದ ಫಿಲಿಪ್ಪಿನೋ ಜನ ಈ ವಿದ್ಯೆಯನ್ನು ಬಹಳ ಕಾಲ ತಮ್ಮೊಳಗೇ ಇಟ್ಟುಕೊಂಡಿದ್ದರು. ಏಂಜೆಲ್ ಕಬಾಲೆಸ್ ಎಂಬವರು 1966ರಲ್ಲಿ ಅಲ್ಲಿ ಎಲ್ಲರಿಗೂ ಬಾಗಿಲು ತೆರೆದ ಶಾಲೆ ಆರಂಭಿಸಿದರು.

ನನಗೆ ತುಂಬಾ ಮುಖ್ಯವೆನಿಸಿದ ವ್ಯಕ್ತಿ ಇನ್ನೊಬ್ಬರು, ರೆಮಿ ಪ್ರೆಸಾಸ್ (1936–2001). ಈ ಕಲೆಯ ಮೂಲತತ್ವ ಏನೆಂದರೆ, ಎದುರಾಳಿಯ ದೇಹಕ್ಕಲ್ಲ, ಆಯುಧ ಹಿಡಿದ ಕೈಗೇ ಹೊಡೆ. ಹಾವಿನ ಹಲ್ಲು ಕಿತ್ತರೆ ಹಾವು ಇದ್ದೂ ಇಲ್ಲದಂತೆ, ಎಂಬ ಹೋಲಿಕೆ ಕೊಡುತ್ತಾರೆ. ಯುದ್ಧಕ್ಕೆ ಅದು ಸರಿ. ಆದರೆ ಪಾಠದಲ್ಲಿ? ಜೊತೆಗಾರ ದಿನವೂ ಬೆರಳಿನ ಗೆಣ್ಣಿಗೇ ಹೊಡೆಯುತ್ತಿದ್ದರೆ ವಾರದಲ್ಲಿ ಹುಡುಗ ಮನೆ ಸೇರುತ್ತಾನೆ. ಹಳೆಯ ಕ್ರಮದಲ್ಲಿ ಹಾಗೇ ಆಗುತ್ತಿತ್ತು. ಕಲಿಯುವವರು ಬಿಟ್ಟು ಹೋಗುತ್ತಿದ್ದರು. ಪ್ರೆಸಾಸ್ ಅಭ್ಯಾಸದಲ್ಲಿ ಕೈಗೆ ಹೊಡೆಯುವ ಬದಲು ಬೆತ್ತಕ್ಕೆ ಬೆತ್ತ ತಾಗಿಸುವ ಕ್ರಮ ಮಾಡಿದರು. ಅದಕ್ಕೆ 'ಆಧುನಿಕ ಆರ್ನಿಸ್' ಎಂದು ಹೆಸರಿಟ್ಟರು. ಇದರಿಂದ ವಿದ್ಯೆ ಮೆತ್ತಗಾಯಿತು ಎಂದು ಹಳಬರು ಆಕ್ಷೇಪಿಸಿದರು. ನನ್ನ ಅಭಿಪ್ರಾಯ ಕೇಳಿದರೆ, ಬೋಧನಾಶಾಸ್ತ್ರದ ತರಗತಿಯಲ್ಲಿ ನಮಗೆ ವಿದೇಶಿ ಶಿಕ್ಷಣತಜ್ಞರ ಹೆಸರು ಬಾಯಿಪಾಠ ಮಾಡಿಸಿದ ಬದಲು ಈ ಮನುಷ್ಯನ ಬಗ್ಗೆ ಒಂದು ಪುಟ ಇಡಬಹುದಿತ್ತು.

ಚಾಕುವಿನ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಕಾಯುತ್ತಿರುವುದು ಅದಕ್ಕೇ. ನಾನು ಆರೇಳು ತಿಂಗಳು ಕಲಿತ ಮೇಲೆ, ಚಾಕು ಕಿತ್ತುಕೊಳ್ಳುವ ಪಟ್ಟುಗಳು ಬರುತ್ತವೆಂಬ ಜಂಭ ನನಗೆ ಬಂದಿತ್ತು. ಗುರುಗಳು ಒಂದು ದಿನ ಹಳೆಯ ಬಿಳಿ ಬನಿಯನ್ ಹಾಕಿಕೊಂಡು ಬರಲು ಹೇಳಿದರು. ನನ್ನ ಜೊತೆಗಾರನ ಕೈಗೆ ನೀಲಿ ಮಾರ್ಕರ್ ಪೆನ್ ಕೊಟ್ಟರು. "ಅವನು ಗೀಚಲಿ, ನೀನು ಪೆನ್ ಕಿತ್ತುಕೊ" ಎಂದರು. ಹತ್ತು ಸೆಕೆಂಡು ಕೂಡ ಆಗಿರಲಿಲ್ಲ, ಪೆನ್ನು ನನ್ನ ಕೈಗೆ ಬಂತು. ಗೆದ್ದೆ ಎಂದುಕೊಂಡೆ. "ಈಗ ಎಣಿಸು" ಎಂದರು. ಎಡ ಮುಂಗೈಯಲ್ಲಿ ಆರು ಗೀಟು, ಹೊಟ್ಟೆಯ ಮೇಲೆ ನಾಲ್ಕು, ಕುತ್ತಿಗೆಯಲ್ಲಿ ಒಂದು. ಆ ಕುತ್ತಿಗೆಯ ಗೀಟು ನನಗೆ ಕಂಡಿರಲೇ ಇಲ್ಲ, ಜೊತೆಗಾರ ತೋರಿಸಿದ. ಎರಡನೆಯ ಸಲ ಇಬ್ಬರಿಗೂ ಪೆನ್ನು ಕೊಟ್ಟರು. ಇಬ್ಬರೂ ನೀಲಿಯಾದೆವು. ಯಾರು ಗೆದ್ದರೆಂದು ಹೇಳುವಂತಿರಲಿಲ್ಲ. "ಇದೇ ಚಾಕುವಿನ ಪಾಠ. ಮುಂದಿನ ಪಾಠ ಓಡುವುದು" ಎಂದು ಮೈದಾನ ಎರಡು ಸುತ್ತು ಓಡಿಸಿದರು.

ಇದೇ ವಿಷಯ ಈ ಕಲೆಯವರ ನಡುವೆ ಮುಗಿಯದ ವಾದ. ಚಾಕು ಕಿತ್ತುಕೊಳ್ಳುವ ಪಟ್ಟುಗಳನ್ನು ಕಲಿಸಬೇಕೆ, ಕಲಿಸಿದರೆ ಸುಳ್ಳು ಧೈರ್ಯ ಬರುವುದಿಲ್ಲವೆ? ಬೆತ್ತ ಎಂಬುದು ಕತ್ತಿಯ ಬದಲಿಗೆ ಹಿಡಿದದ್ದೊ ಅಥವಾ ಅದೇ ಒಂದು ಸ್ವತಂತ್ರ ಆಯುಧವೊ? ಬೆತ್ತವನ್ನು ಗಬಕ್ಕನೆ ಕೈಯಲ್ಲಿ ಹಿಡಿಯಬಹುದು, ಕತ್ತಿಯನ್ನು ಹಾಗೆ ಹಿಡಿದವನ ಬೆರಳು ಉಳಿಯುತ್ತದೆಯೆ? ತಾಳಬದ್ಧವಾದ ಅಭ್ಯಾಸ ಮಾತ್ರ ಸಾಲದು, ಮೈಗೆ ದಿಂಡು ಕಟ್ಟಿಕೊಂಡು ನಿಜವಾಗಿ ಕಾದಾಡಬೇಕೆಂದು ಕೆಲವರು. ದಿಂಡು ಕಟ್ಟಿದರೆ ಭಯ ಹೋಗಿ ಇಬ್ಬರೂ ಹುಚ್ಚರಂತೆ ಬಡಿದುಕೊಳ್ಳುತ್ತಾರೆಂದು ಇನ್ನು ಕೆಲವರು. ಸೆಬು ನಗರದಲ್ಲಿ 1932ರಲ್ಲಿ ಸ್ಥಾಪನೆಯಾದ ದೋಸೆ ಪಾರೆಸ್ ಸಂಘದಿಂದ (ಹೆಸರು ಕೇಳಿ ನಗಬೇಡಿ, ಹನ್ನೆರಡು ಜೋಡಿ ಎಂದು ಅರ್ಥ) ಬೇರೆಯಾದ ವೆನಾನ್ಸಿಯೊ ಬೇಕನ್ 1952ರಲ್ಲಿ ಬಾಲಿಂತವಾಕ್ ಎಂಬ ಬೇರೆ ಪಂಗಡವನ್ನೇ ಕಟ್ಟಿದರು. ಒಂದೇ ಕೋಲು, ಹತ್ತಿರದ ಕಾಳಗ, ಅಲಂಕಾರ ಬೇಡ ಎಂಬುದು ಅವರ ಮತ. ಸಂಘ ಒಡೆಯುವುದು ನಮ್ಮಲ್ಲಿ ಮಾತ್ರವಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬಹುದು.

ಮೂಲದ ಬಗ್ಗೆಯೂ ವಾದವಿದೆ, ಅದರಲ್ಲಿ ನಮಗೆ ಆಸಕ್ತಿಯ ಅಂಶವಿದೆ. 1521ರ ಏಪ್ರಿಲ್ 27ರಂದು ಮಕ್ತಾನ್ ದ್ವೀಪದಲ್ಲಿ ಲಾಪುಲಾಪು ಎಂಬ ಮುಖಂಡನ ಜನ ಮೆಗಲನ್‌ನನ್ನು ಕೊಂದರಷ್ಟೆ. ಅದು ಎಸ್ಕ್ರಿಮಾದ ಗೆಲುವು ಎಂದು ಅನೇಕ ಗುರುಗಳು ಹೇಳುತ್ತಾರೆ. ಆದರೆ ಆ ಪ್ರಯಾಣದಲ್ಲಿದ್ದ ಪಿಗಾಫೆಟ್ಟಾ ಬರೆದಿಟ್ಟಿರುವುದರಲ್ಲಿ ಬಾಣ, ಬಿದಿರಿನ ಈಟಿ, ಅಗಲ ಕತ್ತಿ ಇವೆಯೇ ಹೊರತು ಯಾವ ವರಸೆಯ ಹೆಸರೂ ಇಲ್ಲ. ಕಾಲಿ ಎಂಬುದು ಸ್ಪೇನಿನವರಿಗಿಂತ ಹಿಂದಿನ ಮಾತೃಕಲೆ ಎಂದು ಒಂದು ಪಕ್ಷ. ಆ ಹೆಸರು 1957ರ ಯಾಂಬಾವೊ ಅವರ ಪುಸ್ತಕದಲ್ಲಿ ಇದೆ, ಆದರೆ ಅದು ತೀರ ಈಚಿನದು ಎಂದು ಇನ್ನೊಂದು ಪಕ್ಷ. ನೆಪಾಂಗೆ ಮತ್ತು ಮಕಾಚೊರ್ ಎಂಬ ಸೆಬುವಿನ ಇಬ್ಬರು 2007ರಲ್ಲಿ ಬರೆದ ಪುಸ್ತಕದಲ್ಲಿ, ಎಸ್ಕ್ರಿಮಾ ರೂಪುಗೊಂಡದ್ದೇ ಸ್ಪ್ಯಾನಿಷ್ ಕಾಲದಲ್ಲಿ, ದಕ್ಷಿಣದ ಮುಸ್ಲಿಮರ ದಾಳಿಗಳನ್ನು ಎದುರಿಸುವ ಸಲುವಾಗಿ ಎಂದು ವಾದಿಸಿದರು. ಆ ಮುಸ್ಲಿಮರನ್ನು ಮೊರೊ ಎಂದು ಕರೆದವರು ಸ್ಪೇನಿನವರೇ. ಸುಲು, ಮಗಿಂದನಾವ್ ಸುಲ್ತಾನರ ಜನ, ಕ್ರಿಸ್, ಬಾರೊಂಗ್, ಕಂಪಿಲಾನ್ ಕತ್ತಿಗಳಿಗೆ ಹೆಸರಾದವರು. ಊರ ಹಬ್ಬಗಳಲ್ಲಿ 'ಮೊರೊ-ಮೊರೊ' ಎಂಬ ನಾಟಕ ಆಡುತ್ತಿದ್ದರು. ಕೊನೆಗೆ ಗೆಲ್ಲುವವರು ಕ್ರೈಸ್ತರೇ. ಆ ನಾಟಕದ ಕತ್ತಿಕಾಳಗದ ನೆಪದಲ್ಲೇ ಜನ ನಿಷೇಧದ ಕಾಲದಲ್ಲಿ ವಿದ್ಯೆಯನ್ನು ಉಳಿಸಿಕೊಂಡರು ಎಂಬ ಕತೆ ಪ್ರಸಿದ್ಧವಾಗಿದೆ. ಕತೆ ಚೆನ್ನಾಗಿದೆ, ಪುರಾವೆ ತೆಳುವಾಗಿದೆ. ಹುಡುಗರು ಇದನ್ನು ನೆನಪಿಡಬೇಕು: ನಮಗೆ ಪ್ರಿಯವಾದ ವಿದ್ಯೆಯ ವಂಶಾವಳಿಯನ್ನು ನಾವೇ ಉದ್ದ ಮಾಡಬೇಕಾಗಿಲ್ಲ.

ಈಗ ಆ ಹಿರಿಯರ ಪ್ರಶ್ನೆ. ಸಭೆ ಮುಗಿದ ಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳಿದ್ದರು. "ಬೇಟಾ, ನನಗೆ ಕೋಲಿನ ಭಯವಿಲ್ಲ. ಯಾರಾದರೂ ಒಂದು ಫೋಟೋ ತೆಗೆದು ನಮ್ಮ ಹುಡುಗರ ಹೆಸರು ಹಾಕಿದರೆ? ಆಮೇಲೆ ನೀನು ಸಿನವಾಲಿ, ಗಿನವಾಲಿ ಎಂದು ಯಾರಿಗೆ ವಿವರಿಸುತ್ತೀ?" ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅವರ ಅಂಜಿಕೆ ಸುಳ್ಳಲ್ಲ. ಬೇರೆ ಹೆಸರಿನ ಹುಡುಗನ ಚೀಲದಲ್ಲಿ ಚಾಕು ಸಿಕ್ಕರೆ ತುಂಟತನ, ನಮ್ಮ ಹುಡುಗನ ಚೀಲದಲ್ಲಿ ಸಿಕ್ಕರೆ ಸುದ್ದಿ. ಆದರೆ ಚಾಕು ಚೀಲಕ್ಕೆ ಬಂದದ್ದು ಮೈದಾನದಿಂದಲ್ಲ, ಮೊಬೈಲಿನಿಂದ. ಮೊಬೈಲಿನಲ್ಲಿ ತಿರುಗಿಸುವವನಿಗೆ ಜೊತೆಗಾರ ಇಲ್ಲ, ಎಣಿಸಲು ನೀಲಿ ಗೀಟೂ ಇಲ್ಲ. ಮಸೀದಿಯಲ್ಲೊ ಬಜಾರಿನಲ್ಲೊ ಬಾಣ ಹಿಡಿದು ಹೋಗುವವನು ಯಾರಿಗೂ ತಗುಲದಂತೆ ಮೊನೆಯನ್ನು ಕೈಯಲ್ಲಿ ಮುಚ್ಚಿ ಹಿಡಿಯಬೇಕೆಂಬ ಹದೀಸ್ ಅನ್ನು ನೀವೆಲ್ಲ ಕೇಳಿದ್ದೀರಿ. ಮೊನೆ ಹೇಗೆ ಹಿಡಿಯಬೇಕೆಂದು ಯಾರಾದರೂ ಎದುರು ನಿಂತು ಕಲಿಸಬೇಕಲ್ಲ.

ಆದ್ದರಿಂದ ಸಮಿತಿಯ ಮುಂದೆ ಬರವಣಿಗೆಯಲ್ಲಿ ಕೆಲವು ಷರತ್ತುಗಳನ್ನು ಇಟ್ಟಿದ್ದೇನೆ. ಲೋಹದ ಅಲಗು ಯಾವುದೂ ಆವರಣದೊಳಗೆ ಬರಕೂಡದು, ಮೊಂಡಾದದ್ದೂ ಬೇಡ. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಅಲಗಿನ, ಮನೆಗೆಲಸ ಬೇಸಾಯಗಳಿಗೆ ಸಂಬಂಧಪಡದ ಚಾಕುವನ್ನು ನಮ್ಮ ಶಸ್ತ್ರಾಸ್ತ್ರ ನಿಯಮಗಳು ಆಯುಧಗಳ ಪಟ್ಟಿಗೆ ಸೇರಿಸಿವೆ; ಅದಕ್ಕಿಂತ ಚಿಕ್ಕದಾದರೆ ತರಬಹುದೆಂಬ ವಾದ ನನ್ನ ಹತ್ತಿರ ನಡೆಯುವುದಿಲ್ಲ. ಪಾಲಕರ ಸಹಿ ಬೇಕು, ಅವರು ಬಂದು ಕುಳಿತು ನೋಡಬೇಕು. ಬಾಗಿಲು ತೆರೆದಿರಬೇಕು, ಪಕ್ಕದ ಬೀದಿಯ ಯಾವ ಮನೆಯ ಮಗು ಬಂದರೂ ಒಂದು ಬೆತ್ತ ಕೊಡಬೇಕು. ಹೆಣ್ಣುಮಕ್ಕಳಿಗೆ ಬೇರೆ ವೇಳೆ, ಅವರಿಗೆ ಕಲಿಸಲು ಶಿಕ್ಷಕಿಯೊಬ್ಬರು ಈಗಾಗಲೇ ನನ್ನಿಂದ ಕಲಿಯುತ್ತಿದ್ದಾರೆ. ನನಗಿಂತ ಅವರ ಕೈ ಚುರುಕು.

ಆ ಹುಡುಗ ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ಕಳೆದ ತಿಂಗಳು ನಾನು ಅವನಿಗೂ ಒಂದು ಹಳೆಯ ಬಿಳಿ ಬನಿಯನ್ ತರಲು ಹೇಳಿದ್ದೆ. ಮಾರ್ಕರ್ ಆಟ ಮುಗಿದ ಮೇಲೆ ತನ್ನ ಮೈಮೇಲಿನ ಗೀಟುಗಳನ್ನು ಎಣಿಸುತ್ತಾ ಬಹಳ ಹೊತ್ತು ಸುಮ್ಮನೆ ಕೂತಿದ್ದ. ಆಮೇಲೆ ತನ್ನ ಜೊತೆಗಾರನ ಬೆನ್ನ ಮೇಲಿನ, ತಾನೇ ಎಳೆದ ಗೀಟುಗಳನ್ನು ಎಣಿಸಿದ. ಆ ಬನಿಯನ್ ಒಗೆದರೂ ಬಣ್ಣ ಹೋಗಲಿಲ್ಲವೆಂದು ಅವನ ತಾಯಿ ನನಗೆ ಬೈದು ಕಳಿಸಿದ್ದಾರೆ. ಸಮಿತಿಯ ತೀರ್ಮಾನ ಇನ್ನೂ ಬಂದಿಲ್ಲ. ಹದಿನಾಲ್ಕು ಬೆತ್ತಗಳು ಶಿಕ್ಷಕರ ಕೊಠಡಿಯ ಬೀರುವಿನಲ್ಲಿವೆ, ಬೀಗದ ಕೈ ಮುಖ್ಯೋಪಾಧ್ಯಾಯರ ಬಳಿ ಇದೆ. ಹಿರಿಯರು ಯಾರಾದರೂ ಭಾನುವಾರ ಬೆಳಿಗ್ಗೆ ಏಳಕ್ಕೆ ಬಂದು ನೋಡುವುದಾದರೆ, ಅವರಿಗೂ ಒಂದು ಬೆತ್ತ ಇದೆ.