ಕ್ಯಾನಿನೊಳಗಿನ ಪೆಟ್ರೋಲು



ನೀರು ಕುಡಿದು ಖಾಲಿಯಾದ ಬಾಟಲಿಯಲ್ಲಿ ಪೆಟ್ರೋಲು ತರುವವರನ್ನು ನೀವೆಲ್ಲ ಕಂಡಿರುತ್ತೀರಿ. ಅಡಿಕೆ ತೋಟದಲ್ಲಿ ಕಳೆ ಕೊಚ್ಚುವ ಯಂತ್ರಕ್ಕೆ, ಅಂಗಡಿಯ ಜನರೇಟರಿಗೆ, ಗ್ಯಾರೇಜಿನಲ್ಲಿ ಬಿಡಿಭಾಗಗಳನ್ನು ತೊಳೆಯುವುದಕ್ಕೆ ಹೀಗೆ ಸ್ವಲ್ಪ ಸ್ವಲ್ಪವೇ ಇಂಧನ ಬೇಕಾಗುತ್ತದೆ. ಬಂಕಿನಿಂದ ಕೆಲಸದ ಸ್ಥಳದವರೆಗಿನ ಅದರ ಪ್ರಯಾಣದ ಬಗ್ಗೆ ಮಾತ್ರ ಯಾರೂ ಹೆಚ್ಚು ಯೋಚಿಸುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ನಮ್ಮ ವರ್ಕ್‌ಷಾಪಿನಲ್ಲಿ ಹುಡುಗನೊಬ್ಬ ಬಾಯಿ ತೆರೆದ ತಗಡಿನ ಡಬ್ಬದಲ್ಲಿ ಪೆಟ್ರೋಲು ಹಾಕಿಕೊಂಡು ಬೇರಿಂಗುಗಳನ್ನು ತೊಳೆಯುತ್ತಿದ್ದ. ಏಳೆಂಟು ಹೆಜ್ಜೆ ಆಚೆ ವೆಲ್ಡಿಂಗ್ ನಡೆದಿತ್ತು. ಅಷ್ಟು ದೂರಕ್ಕೆ ಕಿಡಿ ಹಾರುವುದಿಲ್ಲ ಎಂಬುದು ನಮ್ಮೆಲ್ಲರ ಲೆಕ್ಕ. ಕಿಡಿ ಹಾರಲೂ ಇಲ್ಲ. ಬೆಂಕಿಯೇ ನೆಲದ ಮೇಲೆ ಹರಿದು ಡಬ್ಬದವರೆಗೆ ಬಂತು! ಮೇಸ್ತ್ರಿಗಳು ಮರಳಿನ ಬಕೆಟ್ಟನ್ನು ತಂದು ಸುರಿಯುವಷ್ಟರಲ್ಲಿ ಹುಡುಗನ ಎರಡೂ ಪಾದಗಳು ಸುಟ್ಟಿದ್ದವು. ಮೂರು ತಿಂಗಳು ಅವನು ಕೆಲಸಕ್ಕೆ ಬರಲಾಗಲಿಲ್ಲ.

ಹೀಗೇಕಾಯಿತು? ಉರಿಯುವುದು ದ್ರವವಲ್ಲ, ಅದರ ಆವಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲಿನಿಂದ ಹೊತ್ತಿಕೊಳ್ಳುವಷ್ಟು ಆವಿ ಏಳುತ್ತದೆ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಆದ್ದರಿಂದ ಅದು ಮೇಲೇರದೆ ನೀರಿನಂತೆ ನೆಲದಲ್ಲೇ ಹರಿದು ತಗ್ಗು ಹುಡುಕುತ್ತದೆ. ಡೀಸೆಲ್ ಇಷ್ಟು ಚುರುಕಲ್ಲ. ನಮ್ಮ ಮಾನಕದ ಪ್ರಕಾರ ಅದಕ್ಕೆ ಕನಿಷ್ಠ 35 ಡಿಗ್ರಿಯಾದರೂ ಬೇಕು. ಆದರೆ ರಾಯಚೂರು, ಕಲಬುರಗಿಗಳ ಬೇಸಿಗೆ 40 ಡಿಗ್ರಿ ದಾಟುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಇನ್ನೊಂದು ಸಂಗತಿ ನಿಮಗೆ ಆಶ್ಚರ್ಯವೆನಿಸಬಹುದು. ಗಾಳಿಯಲ್ಲಿ ಪೆಟ್ರೋಲ್ ಆವಿಯ ಪ್ರಮಾಣ ಶೇಕಡಾ 1.4ರಿಂದ 7.6ರವರೆಗೆ ಇದ್ದಾಗ ಮಾತ್ರ ಅದು ಹೊತ್ತಿಕೊಳ್ಳುತ್ತದೆ. ತುಂಬಿದ ಕ್ಯಾನಿನೊಳಗೆ ಸಾಮಾನ್ಯವಾಗಿ ಆವಿ ಇದಕ್ಕಿಂತ ದಟ್ಟವಾಗಿರುತ್ತದೆ. ಅದೇ ಕ್ಯಾನನ್ನು ಬರಿದು ಮಾಡಿ ಇಟ್ಟಾಗ ಒಳಗೆ ಗಾಳಿ ಸೇರಿ ಮಿಶ್ರಣ ಹದಕ್ಕೆ ಬರುತ್ತದೆ. 'ಖಾಲಿ' ಡ್ರಮ್ಮಿಗೆ ವೆಲ್ಡಿಂಗ್ ಮಾಡಹೋಗಿ ಪ್ರಾಣ ಕಳೆದುಕೊಂಡವರಿರುವುದು ಇದರಿಂದಲೇ.

ಹಾಗಾದರೆ ಎಂಥ ಪಾತ್ರೆ ಬೇಕು? ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಬ್ರಿಟಿಷರ ತೆಳು ತಗಡಿನ ಡಬ್ಬಗಳು ಸೋರಿ ಇಂಧನವೆಲ್ಲ ಮರಳಿಗಿಳಿಯುತ್ತಿತ್ತು. ಜರ್ಮನರ 20 ಲೀಟರಿನ ಉಕ್ಕಿನ ಕ್ಯಾನುಗಳು ಸೋರುತ್ತಿರಲಿಲ್ಲ. ಬ್ರಿಟಿಷ್ ಸೈನಿಕರು ಜರ್ಮನರನ್ನು 'ಜೆರಿ' ಎಂದು ಕರೆಯುತ್ತಿದ್ದುದರಿಂದ ಅದಕ್ಕೆ ಜೆರಿಕ್ಯಾನ್ ಎಂಬ ಹೆಸರು ಬಂತು. ಇಂದು ಕಾರ್ಖಾನೆಗಳಲ್ಲಿ ಬಳಸುವ ಸುರಕ್ಷಾ ಕ್ಯಾನು ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಮುಚ್ಚಳಕ್ಕೆ ಸ್ಪ್ರಿಂಗ್ ಇದೆ. ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ, ಒಳಗೆ ಒತ್ತಡ ಹೆಚ್ಚಿದರೆ ತುಸು ತೆರೆದು ಆವಿಯನ್ನು ಬಿಡುತ್ತದೆ. ಬಾಯಲ್ಲಿ ಒಂದು ಲೋಹದ ಜಾಲರಿ. 1815ರಲ್ಲಿ ಹಂಫ್ರಿ ಡೇವಿ ಗಣಿ ಕಾರ್ಮಿಕರ ದೀಪಕ್ಕೆ ಸುತ್ತಿದ ಜಾಲರಿಯ ತತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಜಾಲರಿ ಜ್ವಾಲೆಯ ಶಾಖವನ್ನು ಹೀರಿ ಅದನ್ನು ಒಳಗೆ ಹೋಗಗೊಡುವುದಿಲ್ಲ. ಸುರಿಯಲು ಅಡ್ಡಿಯೆಂದು ಈ ಜಾಲರಿಯನ್ನೇ ಕಿತ್ತೆಸೆಯುವ ಜಾಣರೂ ನಮ್ಮಲ್ಲಿದ್ದಾರೆ.

ತುಂಬಿಸುವಾಗ ಕ್ಯಾನನ್ನು ವಾಹನದಲ್ಲೇ ಬಿಡದೆ ನೆಲದ ಮೇಲಿಡಬೇಕು. ಹರಿಯುವ ಇಂಧನದಿಂದ ಸ್ಥಾಯೀ ವಿದ್ಯುತ್ತು ಹುಟ್ಟುತ್ತದೆ. ಬಾಚಣಿಗೆ ಕಾಗದದ ಚೂರನ್ನು ಎಳೆಯುತ್ತದಲ್ಲ, ಅದೇ ವಿದ್ಯುತ್ತು. ಲೋಹದ ಕ್ಯಾನು ನೆಲದ ಮೇಲಿದ್ದು, ನಾಜಲ್ ಅದರ ಬಾಯಿಗೆ ತಾಗಿಕೊಂಡಿದ್ದರೆ ಈ ವಿದ್ಯುತ್ತು ಕಿಡಿಯಾಗದೆ ನೆಲಕ್ಕಿಳಿಯುತ್ತದೆ. ಕಂಠಪೂರ್ತಿ ತುಂಬಲೂಬಾರದು. 20 ಲೀಟರ್ ಪೆಟ್ರೋಲು 20 ಡಿಗ್ರಿ ಬಿಸಿಯೇರಿದರೆ ಸುಮಾರು 400 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಓಡಿ ಬಿಸಿಯಾದ ಯಂತ್ರವನ್ನು ನಿಲ್ಲಿಸಿ, ತಣ್ಣಗಾದ ಮೇಲೆಯೇ ಅದಕ್ಕೆ ಇಂಧನ ಹಾಕಬೇಕು.

ಕಾನೂನು ಏನು ಹೇಳುತ್ತದೆ? 1934ರ ಪೆಟ್ರೋಲಿಯಂ ಕಾಯಿದೆಯಂತೆ, ಮಾರಾಟಕ್ಕಲ್ಲದ ಪೆಟ್ರೋಲನ್ನು 30 ಲೀಟರಿನವರೆಗೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ಪಾತ್ರೆ ಗಾಜಿನದೋ ಪಿಂಗಾಣಿಯದೋ ಆದರೆ ಒಂದು ಲೀಟರು, ಲೋಹದ್ದಾದರೆ 25 ಲೀಟರು ಮೀರುವಂತಿಲ್ಲ, ಬಾಯಿ ಭದ್ರವಾಗಿ ಮುಚ್ಚಿರಬೇಕು. ನೀರಿನ ಬಾಟಲಿ ಆ ಪಟ್ಟಿಯಲ್ಲೇ ಇಲ್ಲ.

ಅಂಥ ಬಾಟಲಿಯಿಂದ ಇನ್ನೊಂದು ಅಪಾಯವೂ ಉಂಟು. ಬಾಯಾರಿ ಬಂದವರು, ಅದರಲ್ಲೂ ಮಕ್ಕಳು, ನೀರೆಂದು ಅದನ್ನೆತ್ತಿ ಕುಡಿದುಬಿಡುತ್ತಾರೆ. ಪೈಪಿನಿಂದ ಬಾಯಲ್ಲಿ ಎಳೆಯುವಾಗಲೂ ಪೆಟ್ರೋಲು ಗಂಟಲಿಗಿಳಿಯುತ್ತದೆ. ಆಗ ಬೆರಳು ಹಾಕಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೋದ ಪೆಟ್ರೋಲು ಹೆಚ್ಚು ಕೆಡುಕು, ವಾಂತಿಯಾದಾಗ ಅದು ಹೋಗುವುದು ಅಲ್ಲಿಗೇ. ಒದ್ದೆಯಾದ ಬಟ್ಟೆ ತೆಗೆದು, ಕುಡಿದದ್ದು ಏನೆಂಬುದನ್ನು ವೈದ್ಯರಿಗೆ ತಿಳಿಸಲು ಅನುವಾಗುವಂತೆ ಆ ಬಾಟಲಿಯ ಗುರುತಿಟ್ಟುಕೊಂಡು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.