ಬೆಳೆ, ಬೆಳೆಸು, ಬೆಳವಣಿಗೆ

ಬಹುಕಾಲ ಇಂಗ್ಲಿಷ್ ಪಾಠ ಹೇಳಿ ಜೀವನ ಸಾಗಿಸಿದವನು ನಾನು. ಪ್ರಶ್ನಪತ್ರಿಕೆಯಲ್ಲಿ ನಾನೇ ಕೇಳುತ್ತಿದ್ದ ಒಂದು ಪ್ರಶ್ನೆಯನ್ನು ನೆನೆದರೆ ಈಗ ಸಂಕೋಚವಾಗುತ್ತದೆ. ‘ಗ್ರೋ’ ಎಂಬ ಕ್ರಿಯಾಪದಕ್ಕೆ ನಾಲ್ಕು ಸಮಾನಾರ್ಥಕಗಳನ್ನು ಬರೆಯಿರಿ. ಹುಡುಗರು ಇನ್‌ಕ್ರೀಸ್, ಎನ್‌ಲಾರ್ಜ್, ಎಕ್ಸ್‌ಪ್ಯಾಂಡ್, ಆಗ್‌ಮೆಂಟ್ ಎಂದು ಬರೆಯುತ್ತಿದ್ದರು. ನಾನು ನಾಲ್ಕಕ್ಕೆ ನಾಲ್ಕು ಅಂಕ ಕೊಡುತ್ತಿದ್ದೆ. ಅವರೂ ತಪ್ಪಿದ್ದರು, ನಾನೂ ತಪ್ಪಿದ್ದೆ. ಈ ಪದಗಳು ಒಂದೇ ಬೀದಿಯಲ್ಲಿ ವಾಸವಾಗಿವೆ ಎಂಬುದು ನಿಜ, ಒಂದೇ ಮನೆಯವಲ್ಲ.

ಇದನ್ನು ಚೆನ್ನಾಗಿ ಅರಿತವನು ಪೀಟರ್ ಮಾರ್ಕ್ ರೋಜೆ ಎಂಬ ಆಂಗ್ಲ ವೈದ್ಯ. 1852ರಲ್ಲಿ ಅವನ ‘ಥಿಸಾರಸ್’ ಹೊರಬಂದಾಗ ಅವನಿಗೆ 73 ವರ್ಷ. ಪದಗಳನ್ನು ಅಕಾರಾದಿಯಾಗಿ ಜೋಡಿಸದೆ ಅರ್ಥದ ಪ್ರಕಾರ ಗುಂಪು ಮಾಡಿದ ಗ್ರಂಥ ಅದು. ಅಲ್ಲಿ ‘ಇನ್‌ಕ್ರೀಸ್’ ಇರುವುದು ಪರಿಮಾಣದ ವಿಭಾಗದಲ್ಲಿ. ‘ಎಕ್ಸ್‌ಪ್ಯಾನ್ಷನ್’ ಇರುವುದು ಬಹು ದೂರದಲ್ಲಿ, ಆಕಾಶದ, ಎಂದರೆ ಸ್ಥಳದ ವಿಭಾಗದಲ್ಲಿ. ಎಷ್ಟು ಹೆಚ್ಚಿತು ಎಂಬುದು ಒಂದು ಪ್ರಶ್ನೆ, ಎಷ್ಟು ಜಾಗ ಹಿಡಿಯಿತು ಎಂಬುದು ಇನ್ನೊಂದು. ಸಾಲ ಹೆಚ್ಚುತ್ತದೆ, ಹಿಗ್ಗುವುದಿಲ್ಲ.

ಆದರೆ ನನ್ನನ್ನು ಬಹಳ ಕಾಲ ಹಿಡಿದಿಟ್ಟದ್ದು ರೋಜೆಯ ವಿಂಗಡಣೆಯಲ್ಲ, ‘ಗ್ರೋ’ ಪದದ ಹಳೆಯ ಚರಿತ್ರೆ. ಗ್ರೋ, ಗ್ರೀನ್, ಗ್ರಾಸ್ ಈ ಮೂರೂ ಒಂದೇ ಬೇರಿನಿಂದ ಬಂದವು. ಪ್ರಾಚೀನ ಇಂಗ್ಲಿಷಿನಲ್ಲಿ ‘ಗ್ರೋ’ ಎನ್ನುತ್ತಿದ್ದುದು ಮುಖ್ಯವಾಗಿ ಗಿಡಮರಗಳಿಗೆ. ಮನುಷ್ಯರು, ಪ್ರಾಣಿಗಳು, ಸಂಪತ್ತು, ಚಂದ್ರ ಇವೆಲ್ಲ ಬೆಳೆಯುವುದಕ್ಕೆ ‘ವ್ಯಾಕ್ಸ್’ ಎಂಬ ಬೇರೊಂದು ಪದವಿತ್ತು. ಕಾಲಕ್ರಮದಲ್ಲಿ ಹುಲ್ಲಿನ ಪದ ಹಬ್ಬಿತು; ‘ವ್ಯಾಕ್ಸ್’ ಹಿಂದೆ ಸರಿಯಿತು. 1611ರ ಬೈಬಲ್ ಭಾಷಾಂತರದಲ್ಲಿ ಅದು ಇನ್ನೂ ಓಡಾಡುತ್ತಿದೆ. ಇಂದು ಅದಕ್ಕೆ ಉಳಿದಿರುವ ಆಶ್ರಯ ಚಂದ್ರನದು, ಮತ್ತೆ ಮಾತು ಮಾತಿಗೆ ಉಬ್ಬುವ ಭಾಷಣಕಾರನದು. ಶುಕ್ಲಪಕ್ಷದ ಚಂದ್ರ ‘ವ್ಯಾಕ್ಸ್’ ಆಗುತ್ತಾನೆ ಎಂಬುದನ್ನು ನನ್ನ ವಿದ್ಯಾರ್ಥಿಯೊಬ್ಬ ಚಂದ್ರನಿಗೆ ಮೇಣ ಹಿಡಿಯುತ್ತದೆ ಎಂದು ಕನ್ನಡಿಸಿದ್ದ. ಅವನನ್ನು ಗದರಿದೆ. ಪದ ತಾನೇ ಅನಾಥವಾದಾಗ ಹುಡುಗನದೇನು ತಪ್ಪು?

ಗೆದ್ದ ಪದಕ್ಕೂ ಗೆಲುವಿನ ದಂಡ ತಪ್ಪಲಿಲ್ಲ. ಎಲ್ಲೆಡೆ ಹಬ್ಬಿ ಹಬ್ಬಿ ‘ಗ್ರೋ’ ಕೇವಲ ‘ಆಗು’ ಎಂಬಷ್ಟಕ್ಕೆ ತೆಳುವಾಯಿತು. ಇಂಗ್ಲಿಷಿನವನು ಮುದುಕನಾಗಿ ಬೆಳೆಯುತ್ತಾನೆ, ಬಡವಾಗಿ ಬೆಳೆಯುತ್ತಾನೆ, ಚಿಕ್ಕದಾಗಿಯೂ ಬೆಳೆಯಬಲ್ಲ! ನಗುವ ಮುನ್ನ ನಮ್ಮ ‘ವೃದ್ಧ’ ಶಬ್ದವನ್ನು ನೆನೆಯಬೇಕು. ಅದರ ಮೂಲಾರ್ಥ ಬೆಳೆದವನು ಎಂದೇ ಅಲ್ಲವೆ?

ಇನ್ನೊಂದು ಸಂಗತಿಯಲ್ಲಿ ಕನ್ನಡವೂ ಇಂಗ್ಲಿಷೂ ಸೋಜಿಗವೆನಿಸುವಷ್ಟು ಹತ್ತಿರ ಬರುತ್ತವೆ. ನಮ್ಮ ರೈತ ‘ರಾಗಿ ಬೆಳೆದೆ’ ಎನ್ನುತ್ತಾನೆ. ‘ಮಕ್ಕಳನ್ನು ಬೆಳೆದೆ’ ಎಂದು ಯಾರೂ ಹೇಳರು, ‘ಬೆಳೆಸಿದೆ’ ಎನ್ನಬೇಕು. ಇಂಗ್ಲಿಷಿನಲ್ಲಿಯೂ ಭತ್ತವನ್ನು ‘ಗ್ರೋ’ ಮಾಡಬಹುದು, ಮಗುವನ್ನು ಮಾಡುವಂತಿಲ್ಲ. ಅದಕ್ಕೆ ‘ಬ್ರಿಂಗ್ ಅಪ್’ ಬೇಕು, ‘ರೇಸ್’ ಬೇಕು. ಹೀಗೆ ಬೆಳೆಯನ್ನು ‘ಗ್ರೋ’ ಮಾಡುವ ಪ್ರಯೋಗ ಅಲ್ಲಿ ಹದಿನೆಂಟನೆಯ ಶತಮಾನದಷ್ಟು ಈಚಿನದು. 1992ರ ಅಮೆರಿಕದ ಚುನಾವಣೆಯಲ್ಲಿ ಕ್ಲಿಂಟನ್ ಪಕ್ಷದವರು ದೇಶದ ಆರ್ಥಿಕತೆಯನ್ನು ‘ಗ್ರೋ’ ಮಾಡುತ್ತೇವೆ ಎಂದು ಹೊರಟಾಗ ಭಾಷೆಯ ಮಡಿವಂತರು ಮೂಗು ಮುರಿದರು. ನನಗೆ ಅವರ ಬಗ್ಗೆ ಸ್ವಲ್ಪ ಸಹಾನುಭೂತಿಯುಂಟು. ರಾಗಿ ಬೆಳೆದೆ ಎನ್ನುವವನು ಮಳೆಗೂ ಮಣ್ಣಿಗೂ ಪಾಲು ಬಿಟ್ಟೇ ಮಾತಾಡುತ್ತಾನೆ. ರಾಜಕಾರಣಿಯ ವಾಕ್ಯದಲ್ಲಿ ಆ ಪಾಲು ಕಾಣುವುದಿಲ್ಲ.

ಒಳಗಿನಿಂದ ಬೆಳೆಯುವುದಕ್ಕೆ ಒಂದು ಮಾತು, ಹೊರಗಿನಿಂದ ಹೆಚ್ಚಿಸುವುದಕ್ಕೆ ಬೇರೆ ಮಾತು. ಲ್ಯಾಟಿನಿನಿಂದ ಬಂದ ‘ಆಗ್‌ಮೆಂಟ್’ ಎರಡನೆಯ ಜಾತಿಯದು: ಇರುವುದಕ್ಕೆ ಇನ್ನಷ್ಟು ಸೇರಿಸುವುದು. ಅದರ ಬಳಗ ದೊಡ್ಡದು. ಕೂಗಿ ಕೂಗಿ ಬೆಲೆ ಏರಿಸುವ ‘ಆಕ್ಷನ್’, ಎಂದರೆ ಹರಾಜು, ಅದರ ಬಂಧು. ‘ಆಥರ್’ ಕೂಡ ಬಂಧುವೇ. ಲ್ಯಾಟಿನಿನ ಕಣ್ಣಿನಲ್ಲಿ ಗ್ರಂಥಕರ್ತನೆಂದರೆ ಹೆಚ್ಚಿಸುವವನು. (ಪುಟಗಳನ್ನು ಮಾತ್ರ ಹೆಚ್ಚಿಸುವವರೂ ಈ ಹೆಸರಿಗೆ ಅರ್ಹರೇ ಎಂಬುದನ್ನು ವಿಮರ್ಶಕರು ತೀರ್ಮಾನಿಸಲಿ.) ಸಂಸ್ಕೃತದ ‘ಓಜಸ್ಸು’ ಇದೇ ಮೂಲದ್ದೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಇಂಗ್ಲಿಷಿನ ಸ್ವಂತ ಮನೆಯಲ್ಲಿ ಹುಟ್ಟಿದ ದಾಯಾದಿ ‘ಈಕ್’ ಮಾತ್ರ ಬಡವಾಗಿ ಹೋಯಿತು. ಹಿಂದೆ ಅದರ ಅರ್ಥವೂ ಹೆಚ್ಚಿಸು ಎಂದೇ. ‘ಈಕ್‌ನೇಮ್’ ಎಂದರೆ ಹೆಚ್ಚಿನ ಹೆಸರು. ಹಿಂದಿನ ‘ಆನ್’ ಪದದ ನಕಾರ ಅಂಟಿಕೊಂಡು ಅದು ‘ನಿಕ್‌ನೇಮ್’ ಆಯಿತು. ಈಗ ಆ ಕ್ರಿಯಾಪದ ‘ಈಕ್ ಔಟ್’ ಎಂಬ ಜೋಡಿಯಲ್ಲಿ ಉಸಿರು ಹಿಡಿದಿದೆ. ಸಾಲದ ಸಂಬಳಕ್ಕೆ ಮನೆಪಾಠದ ನಾಲ್ಕು ಕಾಸು ಸೇರಿಸಿ ತಿಂಗಳು ದೂಡುವುದು. ಮೇಷ್ಟರುಗಳಿಗೆ ವಿವರಣೆ ಬೇಡ.

ಉಳಿದವನ್ನು ಬೇಗ ನೋಡಿಬಿಡಬಹುದು. ‘ಎನ್‌ಲಾರ್ಜ್’ ಫೋಟೋ ಸ್ಟುಡಿಯೋದ ಪದ: ಅಂಚೆಚೀಟಿಯಷ್ಟಿದ್ದ ಅಜ್ಜನ ಮುಖ ಗೋಡೆಗೆ ತಕ್ಕಷ್ಟಾಗುತ್ತದೆ, ಅಜ್ಜ ಮಾತ್ರ ಅಷ್ಟೇ ಇರುತ್ತಾನೆ. ‘ಇನ್‌ಫ್ಲೇಟ್’ ಎಂದರೆ ಒಳಗೆ ಗಾಳಿ ಊದುವುದು. ಹಣದುಬ್ಬರಕ್ಕೆ ಅದನ್ನು ಹೊಂದಿಸಿದವರಿಗೆ ನಮಸ್ಕಾರ. ‘ಎಸ್ಕಲೇಟ್’ ಎಲ್ಲರಿಗಿಂತ ಕಿರಿಯದು. 1900ರ ಹೊತ್ತಿಗೆ ‘ಎಸ್ಕಲೇಟರ್’ ಎಂಬುದು ಚಲಿಸುವ ಮೆಟ್ಟಿಲಿನ ವ್ಯಾಪಾರನಾಮವಾಗಿತ್ತು. ಅದರ ಬಾಲ ಕತ್ತರಿಸಿ ಕ್ರಿಯಾಪದ ಮಾಡಿಕೊಂಡರು. ವಿಯೆಟ್ನಾಂ ಯುದ್ಧದ ಕಾಲಕ್ಕೆ ಅದು ಮನೆಮಾತಾಯಿತು. ಒಮ್ಮೆ ಕಾಲಿಟ್ಟರೆ ತಾನಾಗಿಯೇ ಮೇಲಕ್ಕೊಯ್ಯುವ ಮೆಟ್ಟಿಲು!

ಇಷ್ಟೆಲ್ಲ ತಿಳಿದೂ ಒಂದು ದಿನ ನನಗೆ ಮಾತು ಒದಗಲಿಲ್ಲ. ನಮ್ಮ ಸೋದರತ್ತೆಯನ್ನು ಊರಿನಿಂದ ಕರೆತಂದು ಆಸ್ಪತ್ರೆಯಲ್ಲಿ ತೋರಿಸಿದ್ದೆವು. ವೈದ್ಯರು ಅತ್ತೆಯ ಎದುರಿಗೇ ನನಗೆ ಇಂಗ್ಲಿಷಿನಲ್ಲಿ ಹೇಳಿದರು, ಹೊಟ್ಟೆಯಲ್ಲಿ ಒಂದು ‘ಗ್ರೋತ್’ ಇದೆ ಎಂದು. ಹೊರಗೆ ಬೆಂಚಿನ ಮೇಲೆ ಕುಳಿತು ಅತ್ತೆ ಕೇಳಿದರು:

“ಏನಂದರೋ ಮಗು?”

ಗಡ್ಡೆ ಎಂಬ ಪದ ಬಾಯಿಯವರೆಗೆ ಬಂದು ನಿಂತಿತು. “ಒಳಗೆ ಏನೋ ಬೆಳವಣಿಗೆ ಇದೆಯಂತೆ, ಅತ್ತೆ” ಎಂದೆ.

ಐವತ್ತು ವರ್ಷ ಹೊಲಗೆಯ್ದ ಜೀವ ಅದು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೆಳವಣಿಗೆ ಅಂದಮೇಲೆ ಕೆಟ್ಟದ್ದು ಹೇಗಾದೀತು?” ಎಂದರು.

ನಾನು ತಿದ್ದಲಿಲ್ಲ. ವೈದ್ಯರು ಮಾತನ್ನು ಮರೆಮಾಚಿದ್ದರೆ ಅವರನ್ನು ದೂರಬಹುದಿತ್ತು. ಆದರೆ ಅವರು ಆಡಿದ ಮಾತು ನಿಖರವಾಗಿಯೇ ಇತ್ತು. ಅದನ್ನು ಯಾರೂ ಹೊರಗಿನಿಂದ ತಂದು ಸೇರಿಸಿರಲಿಲ್ಲ. ಹುಲ್ಲು ಬೆಳೆಯುವಂತೆ ಒಳಗಿನಿಂದಲೇ ಬೆಳೆದಿತ್ತು. ಇಂಗ್ಲಿಷಿನ ‘ಗ್ರೋತ್’ ಹಿಂದೆ ‘ಎ’ ಎಂಬ ಒಂದಕ್ಷರ ಸೇರಿದರೆ ಸಾಕು, ಅದು ಕೇಡಿನ ಹೆಸರೂ ಆಗಬಲ್ಲದು. ನಮ್ಮ ‘ಬೆಳವಣಿಗೆ’ಗೆ ಆ ಅಭ್ಯಾಸವಿರಲಿಲ್ಲ, ಅತ್ತೆಗಂತೂ ಇರಲಿಲ್ಲ.

ಅಂದು ಸಂಜೆ ಮುಂಬಯಿಯಲ್ಲಿದ್ದ ಅವರ ಮಗನಿಗೆ ಕಾಗದ ಬರೆದೆ. ಅವನೂ ಕನ್ನಡ ಬಲ್ಲವನೇ. ಆದರೂ ಇಂಗ್ಲಿಷಿನಲ್ಲಿ ಬರೆದೆ. ‘ಗ್ರೋತ್’ ಎಂದು ಬರೆಯುವಾಗ ಕೈ ತಡೆಯಲಿಲ್ಲ. ಅತ್ತೆ ಪಕ್ಕದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಏನು ಬರೆದೆ ಎಂದು ಕೇಳಿದರು. ನಿಮಗೆ ಹೇಳಿದ್ದನ್ನೇ, ಎಂದೆ.