ಮಳೆಯ ಲೆಕ್ಕ, ನೆಲದ ಲೆಕ್ಕ: ಹವಾಮಾನ ಬದಲಾವಣೆ ಮತ್ತು ಜಿಲ್ಲೆಯ ಸಂಶೋಧನಾ ಆದ್ಯತೆಗಳು



ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಸಿ ಹೆಸರಘಟ್ಟವನ್ನು ಸೇರುತ್ತಿತ್ತು. 1894ರಲ್ಲಿ ನಿರ್ಮಾಣವಾದ ಹೆಸರಘಟ್ಟ ಜಲಾಶಯವು ಬೆಂಗಳೂರು ನಗರಕ್ಕೆ ಕೊಳಾಯಿ ನೀರು ನೀಡಿತು. ಇಂದು ಆ ನದಿಪಾತ್ರವು ವರ್ಷದ ಬಹುಭಾಗ ಒಣಗಿರುತ್ತದೆ. ಕಾರಣವೇನೆಂದು ಕೇಳಿದರೆ ಮಳೆ ಕಡಿಮೆಯಾಯಿತು ಎಂಬ ಉತ್ತರವೇ ಸಾಮಾನ್ಯವಾಗಿ ದೊರೆಯುತ್ತದೆ.

ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಇದೇ ಪ್ರಶ್ನೆಯನ್ನು ಪರಿಶೀಲಿಸಿ 2015ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ನದಿ ಬತ್ತಿದ್ದಕ್ಕೆ ಮಳೆಯ ಇಳಿಕೆ ಅಥವಾ ತಾಪಮಾನದ ಏರಿಕೆಗಿಂತ ಅಂತರ್ಜಲದ ಅತಿಬಳಕೆ, ನೀಲಗಿರಿ ತೋಪುಗಳ ವಿಸ್ತರಣೆ ಹಾಗೂ ಹಳ್ಳಗಳಿಗೆ ಅಡ್ಡಲಾದ ಕಟ್ಟೆಗಳು ಹೆಚ್ಚು ಸಂಭವನೀಯ ಕಾರಣಗಳೆಂದು ಅದು ತಿಳಿಸಿತು. ಆಕಾಶದ ಮೇಲೆ ಹೊರಿಸಿದ್ದ ದೋಷದಲ್ಲಿ ದೊಡ್ಡ ಪಾಲು ನೆಲದ ಮೇಲಿನ ಮನುಷ್ಯನದು.

ಹಾಗೆಂದು ಹವಾಮಾನ ಬದಲಾವಣೆಯನ್ನು ಅಲ್ಲಗಳೆಯುವಂತಿಲ್ಲ. 2021ರ ನವೆಂಬರ್‌ನಲ್ಲಿ ಸುರಿದ ಅಕಾಲಿಕ ಮಳೆಗೆ ಕೊಯ್ಲಿಗೆ ಬಂದಿದ್ದ ರಾಗಿ ನೆಲಕಚ್ಚಿ ತೆನೆಯಲ್ಲೇ ಮೊಳಕೆಯೊಡೆಯಿತು. 2022ರಲ್ಲಿ ಕೆರೆಗಳು ಕೋಡಿ ಹರಿದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ವಾರ್ಷಿಕ ಸರಾಸರಿ ಮಳೆಯ ಅಂಕಿಯೊಂದನ್ನೇ ನೋಡಿದರೆ ಈ ಮೂರು ವರ್ಷಗಳ ಸಂಕಷ್ಟ ಕಾಣುವುದೇ ಇಲ್ಲ. ಆದುದರಿಂದ ಆಕಾಶದ ಪಾಲೆಷ್ಟು, ನೆಲದ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವುದೇ ಸಂಶೋಧನೆಯ ಪ್ರಥಮ ಕರ್ತವ್ಯ. ಈ ದೃಷ್ಟಿಯಿಂದ ಮೂರು ಆದ್ಯತೆಗಳು ಗಮನಾರ್ಹ.

ಮೊದಲನೆಯದು ರಾಗಿ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2011ರಲ್ಲಿ ಆರಂಭಿಸಿದ ‘ನಿಕ್ರಾ’ ಯೋಜನೆಯಡಿ ನೆಲಮಂಗಲ ತಾಲ್ಲೂಕಿನ ಚಿಕ್ಕಮಾರನಹಳ್ಳಿಯಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಒಣಬೇಸಾಯ ವಿಜ್ಞಾನಿಗಳು ರೈತರ ಹೊಲಗಳಲ್ಲೇ ಪ್ರಯೋಗ ನಡೆಸಿದರು. ಕೃಷಿ ಹೊಂಡ, ರಾಗಿಯೊಡನೆ ತೊಗರಿಯ ಅಂತರಬೆಳೆ, ತೊಗರಿ ಸಾಲುಗಳ ನಡುವೆ ನೀರಿಂಗಿಸುವ ಕಾಲುವೆ, ಮುಂಗಾರು ತಡವಾದಾಗ ಅಲ್ಪಾವಧಿ ತಳಿ, ಇವು ಪರೀಕ್ಷಿತ ಮಾರ್ಗಗಳು. ಆದರೆ ಅಲ್ಪಾವಧಿ ತಳಿಯಲ್ಲಿ ಕಾಳು ಕೈಸೇರಿದರೂ ಹುಲ್ಲು ಕಡಿಮೆ. ಹಾಲಿನ ಡೇರಿಯನ್ನು ನಂಬಿದ ಮನೆಯಲ್ಲಿ ಬೇಸಿಗೆಗೆ ಮೊದಲೇ ಬಣವೆ ಕರಗಿದರೆ ಹಸುವನ್ನು ಸಂತೆಗೆ ಹೊಡೆಯಬೇಕಾಗುತ್ತದೆ. ಕಾಳಿನ ಇಳುವರಿಯಷ್ಟೇ ಹುಲ್ಲಿನ ಇಳುವರಿಯನ್ನೂ, ಕೊಯ್ಲಿನ ಕಾಲದ ಮಳೆಯನ್ನು ತಾಳಿಕೊಳ್ಳುವ ಗುಣವನ್ನೂ ತಳಿ ಆಯ್ಕೆಯ ಮಾನದಂಡವಾಗಿ ಅಳೆಯುವುದು ಅಗತ್ಯ.

ಎರಡನೆಯದು ಮರ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಿಂದ ಹೊಲಗಳಿಗೆ ನೀಲಗಿರಿ ಹಬ್ಬಿತು. ಕೂಲಿಯಾಳು ಸಿಗದ, ಮಳೆಯ ಭರವಸೆಯಿಲ್ಲದ ರೈತನಿಗೆ ಅದು ಸುಲಭದ ಬೆಳೆಯಾಗಿತ್ತು. 2017ರಲ್ಲಿ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ನಿಷೇಧವೊಂದೇ ಪರ್ಯಾಯವಾಗಲಾರದು. ಹುಣಸೆ, ಹಲಸು, ಹೊಂಗೆ, ಹೆಬ್ಬೇವು, ಇವುಗಳಲ್ಲಿ ಯಾವುದು ಎಷ್ಟು ನೀರು ಹೀರುತ್ತದೆ, ಎಷ್ಟು ವರ್ಷಕ್ಕೆ ಆದಾಯ ನೀಡುತ್ತದೆ, ನೀಲಗಿರಿ ಕಿತ್ತ ನೆಲದಲ್ಲಿ ತೇವಾಂಶ ಯಾವಾಗ ಮರಳುತ್ತದೆ ಎಂಬುದಕ್ಕೆ ಹೊಲಮಟ್ಟದ ಉತ್ತರ ಬೇಕು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಎಷ್ಟೋ ಬರಗಳನ್ನು ಕಂಡು ಉಳಿದ ಆ ಹಳೆಯ ಮರಗಳು ಸಂಶೋಧನೆಗೂ ಸಂಪತ್ತೇ ಆಗಿವೆ.

ಮೂರನೆಯದು ನೀರು. ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿವೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಡಿ ಎರಡನೇ ಹಂತದವರೆಗೆ ಸಂಸ್ಕರಿಸಿದ ನಗರದ ನೀರು ದೇವನಹಳ್ಳಿ ಭಾಗದ ಕೆರೆಗಳಿಗೆ ಬರುತ್ತಿದೆ. ಕೆರೆ ತುಂಬಿದ್ದು ಕಣ್ಣಿಗೆ ಕಾಣುತ್ತದೆ. ಮಣ್ಣಿಗೆ, ಕೊಳವೆಬಾವಿಗೆ, ಸೊಪ್ಪು ತರಕಾರಿಗೆ ಏನು ಸೇರಿತೆಂಬುದು ಕಣ್ಣಿಗೆ ಕಾಣದು. ಕೆರೆವಾರು, ಋತುವಾರು ನಿರಂತರ ಪರೀಕ್ಷೆ ನಡೆದು ಫಲಿತಾಂಶವು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬರಬೇಕು.

ಇವೆಲ್ಲವೂ ವಿಜ್ಞಾನಿಗಳ ಕೆಲಸವೆಂದು ಪಂಚಾಯಿತಿಗಳು ಕೈಕಟ್ಟಿ ಕೂರುವಂತಿಲ್ಲ. ಅರ್ಕಾವತಿಯ ಅಧ್ಯಯನಕ್ಕೆ ಎದುರಾದ ದೊಡ್ಡ ತೊಡಕು ಮಾಹಿತಿಯ ಕೊರತೆಯೇ ಆಗಿತ್ತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಆ ಮಳೆಯ ಲೆಕ್ಕದ ಪಕ್ಕದಲ್ಲೇ ಬಿತ್ತನೆಯ ದಿನ, ಕೊರೆದ ಕೊಳವೆಬಾವಿಯ ಆಳ, ಬತ್ತಿದ ಬಾವಿಗಳ ಸಂಖ್ಯೆ, ಕೆರೆ ತುಂಬಿದ ದಿನ, ಹುಲ್ಲಿನ ಬೆಲೆ, ಈ ಐದು ಸಂಗತಿಗಳನ್ನು ಒಂದೇ ವಹಿಯಲ್ಲಿ ವರ್ಷವರ್ಷವೂ ಬರೆದಿಡುವುದಕ್ಕೆ ಹೆಚ್ಚಿನ ಅನುದಾನ ಬೇಕಿಲ್ಲ. ಇಂದು ಬರೆದಿಟ್ಟ ಲೆಕ್ಕವೇ ಹತ್ತು ವರ್ಷಗಳ ನಂತರದ ಸಂಶೋಧನೆಗೆ ಬಿತ್ತನೆ ಬೀಜ. ಬರುವ ಮುಂಗಾರಿಗೆ ಮುನ್ನ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಆ ವಹಿ ತೆರೆಯಲಿ.